ಹಳೆಯ ಗಾಡಿಗೆ ಹೊಸ ಸ್ಟೀರಿಯೋ: ಮೊದಲು ಫ್ಯೂಸ್, ಆಮೇಲೆ ಹಾಡು



ನಮ್ಮ ಊರುಗಳ ರಸ್ತೆಯಲ್ಲಿ ಇಂದಿಗೂ ಹಳೆಯ ಗಾಡಿಗಳು ಬಹಳ ಉಂಟು. ಮಾರುತಿ 800 ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಆದರೂ ಶಾಲೆಯ ಮಕ್ಕಳನ್ನು ಕರೆದೊಯ್ಯಲು, ತರಕಾರಿ ಮತ್ತು ಮೀನು ಸಾಗಿಸಲು, ಮದುವೆ ಬಾಡಿಗೆಗೆ ಹೋಗಲು ಓಮ್ನಿ ಇನ್ನೂ ಓಡುತ್ತಿದೆ. ಮಲೆನಾಡಿನ ತೋಟದ ದಾರಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷದ ಜೀಪುಗಳು ಹತ್ತಿ ಇಳಿಯುತ್ತಿವೆ. ಇಂತಹ ಒಂದು ಗಾಡಿಯೇ ಎಷ್ಟೋ ಮನೆಗಳಿಗೆ ಅನ್ನದ ದಾರಿ.

ಗಾಡಿ ಹಳೆಯದಾದರೂ ಹಾಡು ಕೇಳುವ ಆಸೆ ಹಳೆಯದಾಗುವುದಿಲ್ಲ. ಮೊದಲು ಇದ್ದ ಕ್ಯಾಸೆಟ್ ಪ್ಲೇಯರ್ ಕೆಟ್ಟು ಹೋಗಿರುತ್ತದೆ, ಇಲ್ಲವೇ ಗಾಡಿಗೆ ಸೆಟ್ಟೇ ಇರುವುದಿಲ್ಲ. ಪೇಟೆಯಲ್ಲಿ ಪೆನ್ ಡ್ರೈವ್, ಬ್ಲೂಟೂತ್, ಎಫ್.ಎಂ. ಎಲ್ಲ ಇರುವ ಹೊಸ ಸೆಟ್ ಕಡಿಮೆ ಬೆಲೆಗೆ ಸಿಗುತ್ತದೆ. ಕೊಲ್ಲಿ ದೇಶದಿಂದ ಬಂದ ಅಣ್ಣನೋ ಮಾವನೋ ಒಂದು ಸೆಟ್ ತಂದು ಕೊಡುವುದೂ ಉಂಟು. ಅದನ್ನು ಗಾಡಿಗೆ ಕೂರಿಸುವುದು ಹೇಗೆ? ಈ ಕೆಲಸವನ್ನು ನಾವೇ ಮಾಡುವುದಾದರೂ, ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸುವುದಾದರೂ ಯಾವುದನ್ನು ಗಮನಿಸಬೇಕು? ಇದನ್ನೇ ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಒಂದು ಘಟನೆ

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದವರೊಬ್ಬರು ಬಾಡಿಗೆಗೆ ಓಡಿಸುತ್ತಿದ್ದ ಓಮ್ನಿಗೆ ಹೊಸ ಸ್ಟೀರಿಯೋ ಹಾಕಿಸಿದರು. ಕೆಲಸ ಮಾಡಿದ ಹುಡುಗ ಬ್ಯಾಟರಿಯಿಂದ ಒಂದು ಸಪೂರ ವಯರ್ ಎಳೆದು, ಸೀಟಿನ ಅಡಿಯಿಂದ ತಂದು ಸೆಟ್ಟಿಗೆ ಕೊಟ್ಟ. ಮಾಲಕರು, "ಇದಕ್ಕೆ ಫ್ಯೂಸ್ ಬೇಡ್ವಾ?" ಎಂದು ಕೇಳಿದ್ದರು. "ಸೆಟ್ಟಿನ ಹಿಂದೆ ಒಂದು ಉಂಟಲ್ಲ ಅಣ್ಣ, ಮತ್ತೆ ಯಾಕೆ?" ಎಂದು ಹುಡುಗ ಹೇಳಿದ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಹಾಡೂ ಚೆನ್ನಾಗಿಯೇ ಬಂತು.

ನಾಲ್ಕು ತಿಂಗಳ ನಂತರ ಒಂದು ಸಂಜೆ ಜನರನ್ನು ಕೂರಿಸಿಕೊಂಡು ಬರುವಾಗ ಸೀಟಿನ ಅಡಿಯಿಂದ ರಬ್ಬರ್ ಸುಟ್ಟ ವಾಸನೆ ಬಂತು, ಹಿಂದೆಯೇ ಹೊಗೆ. ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿ ಬ್ಯಾಟರಿ ವಯರ್ ಕಿತ್ತು ಹಾಕಿದ್ದರಿಂದ ದೊಡ್ಡ ಅಪಾಯ ತಪ್ಪಿತು. ನೋಡಿದರೆ ಸೀಟಿನ ಕಬ್ಬಿಣದ ಅಂಚು ದಿನವೂ ಉಜ್ಜಿ ಉಜ್ಜಿ ಆ ವಯರಿನ ಸಿಪ್ಪೆ ಹೋಗಿತ್ತು. ಒಳಗಿನ ತಾಮ್ರ ಬಾಡಿಗೆ ತಾಗಿತ್ತು. ಸೆಟ್ಟಿಗೆ ಏನೂ ಆಗಿರಲಿಲ್ಲ, ಸೆಟ್ಟಿನ ಹಿಂದಿನ ಫ್ಯೂಸ್ ಕೂಡ ಹೋಗಿರಲಿಲ್ಲ! ಆದರೆ ಗಾಡಿಯ ಅರ್ಧ ವೈರಿಂಗ್ ಸುಟ್ಟಿತ್ತು. ಹದಿನೈದು ದಿನ ಗಾಡಿ ಶೆಡ್ಡಿನಲ್ಲಿ ನಿಂತಿತು. ಬಾಡಿಗೆಯೂ ಇಲ್ಲ, ಕಂತು ಕಟ್ಟಲು ದುಡ್ಡೂ ಇಲ್ಲ.

ಹುಡುಗ ಹೇಳಿದ್ದು ಸುಳ್ಳಲ್ಲ. ಸೆಟ್ಟಿನ ಹಿಂದೆ ಫ್ಯೂಸ್ ಇತ್ತು. ಹಾಗಾದರೆ ತಪ್ಪು ಎಲ್ಲಿ?

ಫ್ಯೂಸ್ ಯಾರನ್ನು ಕಾಯುತ್ತದೆ?

ಸೆಟ್ಟಿನ ಹಿಂದಿನ ಫ್ಯೂಸ್ ಸೆಟ್ಟನ್ನು ಕಾಯುತ್ತದೆ. ಬ್ಯಾಟರಿಯಿಂದ ಸೆಟ್ಟಿನ ತನಕ ಬರುವ ವಯರನ್ನು ಅದು ಕಾಯುವುದಿಲ್ಲ. ದಾರಿಯ ನಡುವೆ ವಯರ್ ಬಾಡಿಗೆ ತಾಗಿದರೆ ಕರೆಂಟು ಸೆಟ್ಟಿನ ತನಕ ಹೋಗುವುದೇ ಇಲ್ಲ, ಅಲ್ಲಿಂದಲೇ ಬಾಡಿಗೆ ಇಳಿಯುತ್ತದೆ. ಸ್ಟಾರ್ಟರ್ ಮೋಟಾರನ್ನು ತಿರುಗಿಸಲು ನೂರು ಆಂಪಿಯರ್‌ಗೂ ಹೆಚ್ಚು ಕೊಡಬಲ್ಲ ಬ್ಯಾಟರಿ ಅದು. ಅಷ್ಟೂ ಕರೆಂಟು ಸಪೂರ ವಯರಿನಲ್ಲಿ ಹರಿದರೆ ಕೆಲವೇ ಕ್ಷಣದಲ್ಲಿ ವಯರ್ ಕೆಂಪಗೆ ಕಾದು ಸಿಪ್ಪೆಗೆ ಬೆಂಕಿ ಹಿಡಿಯುತ್ತದೆ. "ಹನ್ನೆರಡು ವೋಲ್ಟ್ ಅಲ್ವಾ, ಶಾಕ್ ಹೊಡೆಯೂದಿಲ್ಲ" ಎಂದು ನಾವು ಧೈರ್ಯ ಮಾಡುತ್ತೇವೆ. ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಗಾಡಿ ಸುಡಲಿಕ್ಕೆ ಹನ್ನೆರಡು ವೋಲ್ಟ್ ಧಾರಾಳ ಸಾಕು. ಓಮ್ನಿಯಂತಹ ಗಾಡಿಯಲ್ಲಿ ಇಂಜಿನ್ನೇ ಮುಂದಿನ ಸೀಟಿನ ಅಡಿಯಲ್ಲಿದೆ, ಪೆಟ್ರೋಲ್ ಪೈಪೂ ಅಲ್ಲಿಗೇ ಬರುತ್ತದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಮೊದಲ ನಿಯಮ ಇದು: ಬ್ಯಾಟರಿಯಿಂದ ನೇರ ವಯರ್ ಎಳೆದರೆ ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನ ಒಳಗೆ ಒಂದು ಫ್ಯೂಸ್ ಇರಲೇಬೇಕು. ಸೆಟ್ಟಿನ ಹಿಂದೆ ಇನ್ನೊಂದು ಇದ್ದರೂ ಇದು ಬೇಕು. ಇದರ ಬೆಲೆ ಹೋಲ್ಡರ್ ಸೇರಿ ಒಂದು ಊಟದ ಬೆಲೆಗಿಂತ ಹೆಚ್ಚಾಗದು.

ಸೆಟ್ ಕೊಳ್ಳುವ ಮೊದಲು

1. ಗಾಡಿಯ ವೋಲ್ಟೇಜ್ ಎಷ್ಟು? ಕಾರು, ಓಮ್ನಿ, ಜೀಪುಗಳು 12 ವೋಲ್ಟ್. ದೊಡ್ಡ ಲಾರಿ, ಬಸ್ಸುಗಳಲ್ಲಿ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ಸೆಟ್ಟಿಗೆ 24 ಕೊಟ್ಟರೆ ಸೆಟ್ ಕೂಡಲೇ ಸುಡುತ್ತದೆ. ಕೆಲವರು ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆಯುತ್ತಾರೆ. ಆಗ ಒಂದು ಬ್ಯಾಟರಿ ಹೆಚ್ಚು ಖಾಲಿಯಾಗಿ, ಇನ್ನೊಂದು ಅಗತ್ಯಕ್ಕಿಂತ ಹೆಚ್ಚು ಚಾರ್ಜ್ ಆಗಿ ಎರಡೂ ಬೇಗ ಹಾಳಾಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದೇ ಸರಿಯಾದ ದಾರಿ.

2. ಬಾಡಿಗೆ ಬ್ಯಾಟರಿಯ ಯಾವ ಕಡೆ ಸೇರಿದೆ? ಈಗಿನ ಎಲ್ಲ ಗಾಡಿಗಳಲ್ಲಿ ಮೈನಸ್ ಬಾಡಿಗೆ ಸೇರಿರುತ್ತದೆ. ಆದರೆ 1960ರ ದಶಕದ ತನಕ ಬಂದ ಬ್ರಿಟಿಷ್ ಮಾದರಿಯ ಹಲವು ಕಾರುಗಳಲ್ಲಿ ಪ್ಲಸ್ ಬಾಡಿಗೆ ಇತ್ತು. ಅಂತಹ ಹಳೆಯ ಕಾರನ್ನು ಯಾರಾದರೂ ಪ್ರೀತಿಯಿಂದ ಉಳಿಸಿಕೊಂಡಿದ್ದರೆ, ಹೊಸ ಸೆಟ್ಟನ್ನು ಹಾಗೆಯೇ ಸ್ಕ್ರೂ ಹಾಕಿ ಕೂರಿಸಬಾರದು. ಸೆಟ್ಟಿನ ತಗಡಿನ ಪೆಟ್ಟಿಗೆ ಮೈನಸ್‌ಗೆ ಸೇರಿರುತ್ತದೆ, ಗಾಡಿಯ ಬಾಡಿ ಪ್ಲಸ್. ಎರಡೂ ತಾಗಿದ ಕೂಡಲೇ ಶಾರ್ಟ್ ಆಗುತ್ತದೆ.

3. ಕೂರಿಸುವ ಜಾಗ ಎಷ್ಟಿದೆ? ಸಾಮಾನ್ಯ ಸೆಟ್ಟಿನ ಮುಖ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಇದಕ್ಕೆ ಅಂಗಡಿಯವರು 'ಸಿಂಗಲ್ ಡಿನ್' ಎನ್ನುತ್ತಾರೆ. ಸ್ಕ್ರೀನ್ ಇರುವ ಸೆಟ್ ಅದರ ಎರಡರಷ್ಟು ಎತ್ತರ, ಅದು 'ಡಬಲ್ ಡಿನ್'. ಹಳೆಯ ಗಾಡಿಗೆ ಸಿಂಗಲ್ ಡಿನ್ ಸಾಕು. ಡಬಲ್ ಕೂರಿಸಲು ಡ್ಯಾಶ್ ಬೋರ್ಡ್ ಕೊರೆದರೆ ಮತ್ತೆ ಸರಿ ಮಾಡಲಿಕ್ಕಾಗುವುದಿಲ್ಲ. ಜಾಗವೇ ಇಲ್ಲದ ಜೀಪಿಗೆ ಡ್ಯಾಶ್ ಕೆಳಗೆ ಗಟ್ಟಿ ತಗಡಿನ ಪಟ್ಟಿಯಲ್ಲಿ ತೂಗಿಸಬಹುದು. ಮುಂದೆ ಕುಳಿತವರ ಮೊಣಕಾಲಿಗೆ ತಾಗದಂತೆ ನೋಡಿಕೊಳ್ಳಬೇಕು.

4. ಹೊರದೇಶದ ಸೆಟ್ಟೇ? ನಮ್ಮಲ್ಲಿ ಎಫ್.ಎಂ. ಕೇಂದ್ರಗಳು 87.5ರಿಂದ 108 ಮೆಗಾಹರ್ಟ್ಸ್ ನಡುವೆ ಬರುತ್ತವೆ. ಜಪಾನಿನಲ್ಲಿ ಬಳಸಲು ಮಾಡಿದ ಹಳೆಯ ಸೆಟ್ಟುಗಳು 76ರಿಂದ 90ರ ತನಕ ಮಾತ್ರ ಹಿಡಿಯುತ್ತವೆ. ಇಂತಹ ಸೆಕೆಂಡ್ ಹ್ಯಾಂಡ್ ಸೆಟ್ ಹಾಕಿದರೆ ನಮ್ಮ ಹೆಚ್ಚಿನ ಕೇಂದ್ರಗಳು ಸಿಗುವುದೇ ಇಲ್ಲ. ಅಮೆರಿಕದಿಂದ ತಂದ ಸೆಟ್ಟಿನಲ್ಲಿ ಮೀಡಿಯಂ ವೇವ್ 10 ಕಿಲೋಹರ್ಟ್ಸ್ ಅಂತರದಲ್ಲಿ ಓಡುತ್ತದೆ, ನಮ್ಮದು 9. ಹಲವು ಸೆಟ್ಟುಗಳಲ್ಲಿ ಇದನ್ನು ಬದಲಾಯಿಸುವ ವ್ಯವಸ್ಥೆ ಇರುತ್ತದೆ, ಸೆಟ್ಟಿನ ಜೊತೆ ಬಂದ ಪುಸ್ತಕ ನೋಡಿರಿ.

5. ವ್ಯಾಟ್ ಲೆಕ್ಕಕ್ಕೆ ಮೋಸ ಹೋಗಬೇಡಿ. ಪೆಟ್ಟಿಗೆಯ ಮೇಲೆ '50 ವ್ಯಾಟ್, 4 ಚಾನೆಲ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಅಂದರೆ 200 ವ್ಯಾಟ್. ಆದರೆ ಹಿಂದಿನ ಫ್ಯೂಸ್ ನೋಡಿ, 10 ಆಂಪಿಯರ್ ಇರುತ್ತದೆ. ಇಂಜಿನ್ ಓಡುವಾಗ 14 ವೋಲ್ಟ್ ಎಂದು ಹಿಡಿದರೂ 10 ಗುಣಿಸು 14, ಒಳಗೆ ಹೋಗುವುದೇ 140 ವ್ಯಾಟ್. ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಹೀಗಿರುವಾಗ 200 ವ್ಯಾಟ್ ಹೊರಗೆ ಬರುವುದು ಹೇಗೆ? ಒಂದೊಂದು ಸ್ಪೀಕರಿಗೆ ನಿಜವಾಗಿ ಸಿಗುವುದು ಇಪ್ಪತ್ತು ವ್ಯಾಟ್ ಆಸುಪಾಸು. ಚಿಕ್ಕ ಗಾಡಿಗೆ ಅದು ಧಾರಾಳವಾಯಿತು.

ಬೇಕಾಗುವ ಸಾಮಾನು

ಮಲ್ಟಿಮೀಟರ್ ಒಂದು (ಅಗ್ಗದ್ದಾದರೂ ಸಾಕು), ಸ್ಕ್ರೂ ಡ್ರೈವರ್, 10ನೇ ನಂಬ್ರದ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಸೋಲ್ಡರಿಂಗ್ ಕಡ್ಡಿ ಅಥವಾ ಲಗ್ ಒತ್ತುವ ಕ್ರಿಂಪಿಂಗ್ ಪ್ಲೇಯರ್. ಪ್ಲಸ್ ಮತ್ತು ಅರ್ತ್‌ಗೆ 1.5 ಚದರ ಮಿ.ಮೀ. ತಾಮ್ರದ ನುಣುಪು ಎಳೆಯ ವಯರ್. ಸ್ಪೀಕರಿಗೆ 0.75 ಅಥವಾ 1 ಚದರ ಮಿ.ಮೀ. ಜೋಡಿ ವಯರ್. ಫ್ಯೂಸ್ ಹೋಲ್ಡರ್, 10 ಆಂಪಿಯರ್ ಫ್ಯೂಸ್ ಎರಡು, ಬಳೆ ಲಗ್, ಬಿಸಿ ಮಾಡಿದರೆ ಕುಗ್ಗುವ ಸ್ಲೀವ್, ರಬ್ಬರ್ ಬುಷ್, ವಯರ್ ಕಟ್ಟುವ ಪ್ಲಾಸ್ಟಿಕ್ ಟೈ. ಮನೆ ವೈರಿಂಗಿನ ಒಂದೇ ಎಳೆಯ ಗಟ್ಟಿ ವಯರನ್ನು ಗಾಡಿಗೆ ಹಾಕಬಾರದು. ಗಾಡಿ ಅಲುಗಾಡಿ ಅಲುಗಾಡಿ ಅದು ಒಳಗೇ ತುಂಡಾಗುತ್ತದೆ.

ಕೆಲಸದ ಕ್ರಮ

ಒಂದು: ಬ್ಯಾಟರಿ ಬಿಚ್ಚಿ. ಮೊದಲು ಮೈನಸ್ ಬಿಚ್ಚಬೇಕು, ಕೊನೆಗೆ ಹಾಕುವಾಗಲೂ ಮೈನಸ್ಸನ್ನೇ ಕೊನೆಗೆ ಹಾಕಬೇಕು. ಯಾಕೆಂದರೆ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಬರುತ್ತದೆ. ಮೈನಸ್ ಮೊದಲೇ ತೆಗೆದಿದ್ದರೆ ತಾಗಿದರೂ ಏನೂ ಆಗುವುದಿಲ್ಲ. ಕೈಯಲ್ಲಿರುವ ಉಂಗುರ, ಬಳೆ, ವಾಚು ತೆಗೆದಿಡಿ.

ಎರಡು: ಹಳೆಯ ವೈರಿಂಗ್ ಪರೀಕ್ಷಿಸಿ. ಹಳೆಯ ಗಾಡಿಯ ಡ್ಯಾಶ್ ಬೋರ್ಡಿನ ಒಳಗೆ ಮೂರು ನಾಲ್ಕು ಜನ ಕೈ ಹಾಕಿರುತ್ತಾರೆ. ಟೇಪ್ ಬಿಚ್ಚಿದ ಜಾಯಿಂಟ್, ಎಲ್ಲಿಗೂ ಸೇರದ ತುಂಡು ವಯರ್, ಇಲಿ ಕಚ್ಚಿದ ವಯರ್ ಇರಬಹುದು. ಸಿಪ್ಪೆ ಬಿರುಕು ಬಿಟ್ಟ ವಯರನ್ನು ಬಳಸಬೇಡಿ. ಬಳಸದ ತುದಿಗಳಿಗೆ ಸ್ಲೀವ್ ಹಾಕಿ ಮುಚ್ಚಿ. ಹಳೆಯ ಗಾಡಿಯಲ್ಲಿ ವಯರಿನ ಬಣ್ಣವನ್ನು ನಂಬಬಾರದು, ಮೀಟರನ್ನು ಮಾತ್ರ ನಂಬಬೇಕು.

ಮೂರು: ಸೆಟ್ಟಿನ ವಯರುಗಳನ್ನು ಗುರುತಿಸಿ. ಹೊಸ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. ಆದರೂ ಸೆಟ್ಟಿನ ಮೇಲಿನ ಚೀಟಿ ನೋಡಿಯೇ ಮುಂದುವರಿಯಿರಿ.

- ಹಳದಿ: ಯಾವಾಗಲೂ ಇರುವ 12 ವೋಲ್ಟ್. ಗಡಿಯಾರ ಮತ್ತು ಕೇಂದ್ರಗಳ ನೆನಪಿಗೆ. ಮುಖ್ಯ ಕರೆಂಟೂ ಹೆಚ್ಚಾಗಿ ಇದರಲ್ಲೇ ಹೋಗುತ್ತದೆ.
- ಕೆಂಪು: ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್.
- ಕಪ್ಪು: ಅರ್ತ್, ಅಂದರೆ ಬಾಡಿ.
- ನೀಲಿ, ಅಥವಾ ಬಿಳಿ ಗೆರೆಯ ನೀಲಿ: ಮೋಟಾರ್ ಏರಿಯಲ್ ಅಥವಾ ಆಂಪ್ಲಿಫೈಯರಿಗೆ. ಅವು ಇಲ್ಲದಿದ್ದರೆ ತುದಿ ಮುಚ್ಚಿಡಿ.
- ಬಿಳಿ: ಮುಂದಿನ ಎಡ ಸ್ಪೀಕರ್. ಬೂದು: ಮುಂದಿನ ಬಲ. ಹಸಿರು: ಹಿಂದಿನ ಎಡ. ನೇರಳೆ: ಹಿಂದಿನ ಬಲ. ಪ್ರತಿಯೊಂದರಲ್ಲೂ ಕಪ್ಪು ಗೆರೆ ಇರುವುದು ಮೈನಸ್.

ನಾಲ್ಕು: ಹಳದಿಗೂ ಕೆಂಪಿಗೂ ಜಾಗ ಹುಡುಕಿ. ಇದಕ್ಕಾಗಿ ಮಾತ್ರ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಸೇರಿಸಿ. ಮೀಟರಿನ ಕಪ್ಪು ಕಡ್ಡಿ ಬಾಡಿಗೆ, ಕೆಂಪು ಕಡ್ಡಿ ಪರೀಕ್ಷಿಸುವ ವಯರಿಗೆ. ಕೀಲಿ ತೆಗೆದರೂ 12 ವೋಲ್ಟ್ ತೋರಿಸಿದರೆ ಅದು ಹಳದಿಗೆ. ಕೀಲಿ 'ಎ.ಸಿ.ಸಿ.' ಜಾಗಕ್ಕೆ ತಿರುಗಿಸಿದಾಗ ಮಾತ್ರ ತೋರಿಸಿದರೆ ಅದು ಕೆಂಪಿಗೆ. ವಯರನ್ನು ಬಾಡಿಗೆ ತಾಗಿಸಿ ಕಿಡಿ ಬರುತ್ತದಾ ಎಂದು ನೋಡುವ ಹಳೆಯ ಅಭ್ಯಾಸ ದಯವಿಟ್ಟು ಬಿಡಿ. ನೋಡಿಯಾದ ಮೇಲೆ ಮೈನಸ್ ಮತ್ತೆ ಬಿಚ್ಚಿ.

ಹಳೆಯ ಜೀಪುಗಳ ಕೀಲಿಯಲ್ಲಿ ಎ.ಸಿ.ಸಿ. ಜಾಗವೇ ಇಲ್ಲದಿರಬಹುದು. ಆಗ ಕೆಲವರು ಇಗ್ನಿಷನ್ ಕಾಯಿಲಿನ ವಯರಿನಿಂದಲೇ ಕರೆಂಟು ತೆಗೆಯುತ್ತಾರೆ. ಇದು ಸರಿಯಲ್ಲ. ರೇಡಿಯೋದಲ್ಲಿ ಟಿಕ್ ಟಿಕ್ ಶಬ್ದ ಬರುತ್ತದೆ. ಹಾಡು ಕೇಳಲೆಂದು ಇಂಜಿನ್ ನಿಲ್ಲಿಸಿ ಕೀಲಿ ಆನ್ ಇಟ್ಟರೆ ಪಾಯಿಂಟ್ ಇರುವ ಪೆಟ್ರೋಲ್ ಗಾಡಿಯಲ್ಲಿ ಕಾಯಿಲ್ ಕಾದು ಸುಡುವ ಸಂಭವವೂ ಉಂಟು. ಇದರ ಬದಲು ಫ್ಯೂಸ್ ಇರುವ ಲೈನಿನಿಂದ ಒಂದು ಬೇರೆ ಸ್ವಿಚ್ ಹಾಕಿ ಕೆಂಪಿಗೆ ಕೊಡಿ. ಇಳಿಯುವಾಗ ಸ್ವಿಚ್ ಆಫ್ ಮಾಡಲು ಮರೆಯಬೇಡಿ.

ಐದು: ವಯರ್ ಎಳೆಯುವ ದಾರಿ. ತಗಡಿನ ತೂತಿನ ಮೂಲಕ ವಯರ್ ಹೋಗುವಲ್ಲೆಲ್ಲಾ ರಬ್ಬರ್ ಬುಷ್ ಹಾಕಬೇಕು. ಇಲ್ಲದಿದ್ದರೆ ತಗಡಿನ ಅಂಚು ಚೂರಿಯಂತೆ ಸಿಪ್ಪೆಯನ್ನು ಕೊಯ್ಯುತ್ತದೆ. ಸೀಟು ಜಾರುವ ಪಟ್ಟಿ, ಸ್ಟೇರಿಂಗ್ ಕಂಬ, ಪೆಡಲ್, ವೈಪರ್ ಮೋಟಾರ್ ಇವುಗಳಿಂದ ದೂರ ಇರಲಿ. ಓಮ್ನಿಯಲ್ಲಿ ಇಂಜಿನ್ ಮುಚ್ಚಳದ ಬಿಸಿ ತಾಗದ ಕಡೆಯಿಂದ ತನ್ನಿ. ಗೇಣಿಗೊಂದು ಟೈ ಹಾಕಿ ಕಟ್ಟಿ. ಮೇಲೆ ಹೇಳಿದ ಘಟನೆಯಲ್ಲಿ ತಪ್ಪಿದ್ದು ಎರಡೇ ಕಡೆ: ದಾರಿ ಮತ್ತು ಫ್ಯೂಸ್.

ಆರು: ಫ್ಯೂಸ್. ಜಾಗವನ್ನು ಆಗಲೇ ಹೇಳಿದ್ದೇವೆ. ಈಗ ಅಳತೆ. 1.5 ಚದರ ಮಿ.ಮೀ. ವಯರಿಗೆ 10 ಆಂಪಿಯರ್ ಹಾಕಿ. ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು 20, 30 ಆಂಪಿಯರ್ ಹಾಕುವುದು, ಬೆಳ್ಳಿ ಕಾಗದ ಸುತ್ತುವುದು, ತಂತಿ ತುಂಡು ಸಿಕ್ಕಿಸುವುದು ಮಹಾ ತಪ್ಪು. ಫ್ಯೂಸ್ ಹೋಗುವುದು ರೋಗವಲ್ಲ, ರೋಗದ ಸೂಚನೆ. ಎಲ್ಲೋ ವಯರ್ ತಾಗುತ್ತಿದೆ ಎಂದು ಅದು ನಮಗೆ ಹೇಳುತ್ತಿದೆ. ಅದರ ಬಾಯಿ ಮುಚ್ಚಿಸಬಾರದು.

ಏಳು: ಅರ್ತ್. ಹಳೆಯ ಗಾಡಿಯಲ್ಲಿ ಅರ್ಧಕ್ಕರ್ಧ ತೊಂದರೆ ಬರುವುದು ಇಲ್ಲಿಂದಲೇ. ಕರಾವಳಿಯ ಉಪ್ಪು ಗಾಳಿಗೆ, ಮಲೆನಾಡಿನ ಮಳೆಗೆ ತಗಡು ತುಕ್ಕು ಹಿಡಿದಿರುತ್ತದೆ. ಅದರ ಮೇಲೆ ಬಣ್ಣವೂ ಇರುತ್ತದೆ. ತುಕ್ಕಿನಲ್ಲೂ ಬಣ್ಣದಲ್ಲೂ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಸ್ಯಾಂಡ್ ಪೇಪರಿನಿಂದ ಉಜ್ಜಿ ಹೊಳೆಯುವ ಲೋಹ ಕಾಣಬೇಕು. ಬಳೆ ಲಗ್ ಹಾಕಿ ಬೋಲ್ಟ್ ಬಿಗಿ ಮಾಡಿ. ಆಮೇಲೆ ಮೇಲಿನಿಂದ ಸ್ವಲ್ಪ ಗ್ರೀಸ್ ಹಚ್ಚಿದರೆ ಮತ್ತೆ ತುಕ್ಕು ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಡ್ಯಾಶ್ ಬೋರ್ಡಿನ ಸ್ಕ್ರೂವಿಗೆ ಅರ್ತ್ ಸಿಕ್ಕಿಸುವುದರಲ್ಲಿ ಅರ್ಥವಿಲ್ಲ.

ಎಂಟು: ಸ್ಪೀಕರ್. ಕೆಲವು ಹಳೆಯ ಗಾಡಿಗಳಲ್ಲಿ ಸ್ಪೀಕರಿಗೆ ಒಂದೇ ವಯರ್ ಬರುತ್ತದೆ, ಇನ್ನೊಂದು ತುದಿ ಬಾಡಿಗೆ. ಹಳೆಯ ಸೆಟ್ಟಿಗೆ ಅದು ಆಗುತ್ತಿತ್ತು. ಹೊಸ ಸೆಟ್ಟಿಗೆ ಆಗುವುದಿಲ್ಲ. ಹೊಸ ಸೆಟ್ಟಿನಲ್ಲಿ ಸ್ಪೀಕರಿನ ಪ್ಲಸ್ ಮೈನಸ್ ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟ್ ಇರುತ್ತದೆ. ಮೈನಸ್ಸನ್ನು ಬಾಡಿಗೆ ತಾಗಿಸಿದರೆ ಒಳಗಿನ ಐ.ಸಿ. ಕೆಡುತ್ತದೆ. ಆದ್ದರಿಂದ ಒಂದೊಂದು ಸ್ಪೀಕರಿಗೂ ಸೆಟ್ಟಿನಿಂದ ಎರಡೆರಡು ಹೊಸ ವಯರ್ ಎಳೆಯಲೇಬೇಕು. ಇದು ಸ್ವಲ್ಪ ಶ್ರಮದ ಕೆಲಸ, ಆದರೆ ಅಡ್ಡ ದಾರಿ ಇಲ್ಲ.

ಸ್ಪೀಕರ್ 4 ಓಮ್ ಇರಲಿ. ಒಂದೇ ಚಾನೆಲ್ಲಿಗೆ ಎರಡು ಸ್ಪೀಕರನ್ನು ಪಕ್ಕ ಪಕ್ಕ ಸೇರಿಸಿದರೆ ಅದು 2 ಓಮ್ ಆಗಿ ಸೆಟ್ ಕಾಯುತ್ತದೆ. ಪ್ಲಸ್ ಯಾವುದು ಎಂದು ಗೊತ್ತಾಗದಿದ್ದರೆ ಟಾರ್ಚಿನ ಒಂದು ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಸ್ಪೀಕರಿನ ಕಾಗದ ಹೊರಗೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಪ್ಲಸ್. ಒಂದು ಸರಿ, ಇನ್ನೊಂದು ಉಲ್ಟಾ ಆದರೆ ಹಾಡು ಬರುತ್ತದೆ, ಆದರೆ ತಬಲ, ಡೋಲಿನ ಗಟ್ಟಿ ಸ್ವರ ಪೊಳ್ಳಾಗಿ ಕೇಳುತ್ತದೆ.

ಓಮ್ನಿಯ ಹಿಂದಿನ ಬಾಗಿಲು ಜಾರುವಂಥದ್ದು, ಅದರಲ್ಲಿ ಸ್ಪೀಕರ್ ಬೇಡ. ಹಿಂದೆ ಬದಿಯ ತಗಡಿಗೆ ಗಟ್ಟಿಯಾಗಿ ಕೂರಿಸಿ. ಸೀಟಿನ ಹಿಂದೆ ಸುಮ್ಮನೆ ಇಟ್ಟ ಸ್ಪೀಕರ್ ಪೆಟ್ಟಿಗೆ ಬ್ರೇಕ್ ಹಾಕಿದಾಗ ಕುಳಿತವರ ತಲೆಗೇ ಬರುತ್ತದೆ.

ಒಂಬತ್ತು: ಏರಿಯಲ್. ರೇಡಿಯೋ ಚೆನ್ನಾಗಿ ಹಿಡಿಯಬೇಕಾದರೆ ಏರಿಯಲ್ಲಿನ ಬುಡವೂ ಬಾಡಿಗೆ ಸರಿಯಾಗಿ ಕೂರಬೇಕು. ಅಲ್ಲಿಯೂ ತುಕ್ಕು ಉಜ್ಜಿ ತೆಗೆಯಿರಿ. ಬುಡದಲ್ಲಿ ರಬ್ಬರ್ ಹಾಳಾಗಿದ್ದರೆ ಮಳೆ ನೀರು ಅದರ ವಯರಿನ ಮೂಲಕವೇ ಸೆಟ್ಟಿನ ಹಿಂದಕ್ಕೆ ಇಳಿಯುತ್ತದೆ.

ಹತ್ತು: ಜಾಯಿಂಟ್. ವಯರ್ ತಿರುಚಿ ಮೇಲೆ ಟೇಪ್ ಸುತ್ತಿದರೆ ಬೇಸಿಗೆಯ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸೋಲ್ಡರ್ ಮಾಡಿ ಸ್ಲೀವ್ ಹಾಕಿ, ಇಲ್ಲವೇ ಸರಿಯಾದ ಪ್ಲೇಯರಿನಿಂದ ಲಗ್ ಒತ್ತಿ. ಗಾಡಿಯ ಹಳೆಯ ಸಾಕೆಟ್ ಇದ್ದರೆ ಅದನ್ನು ಕತ್ತರಿಸಿ ಬಿಸಾಡಬೇಡಿ. ಅದಕ್ಕೆ ಸೇರುವ ಕಪ್ಲರ್ ಅಂಗಡಿಯಲ್ಲಿ ಸಿಕ್ಕರೆ ಕೆಲಸ ಸುಲಭ ಮತ್ತು ಶುದ್ಧ.

ಡ್ಯಾಶ್ ಮುಚ್ಚುವ ಮೊದಲು

ಎಲ್ಲ ಸೇರಿಸಿದ ಮೇಲೆ ಅವಸರದಿಂದ ಡ್ಯಾಶ್ ಬೋರ್ಡ್ ಮುಚ್ಚಬೇಡಿ. ಮೈನಸ್ ಸೇರಿಸಿ. ಫ್ಯೂಸ್ ಹಾಕಿ. ಹಾಡು ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ವಯರ್, ಜಾಯಿಂಟ್, ಫ್ಯೂಸ್ ಹೋಲ್ಡರ್ ಮೇಲೆ ಕೈಯಿಟ್ಟು ನೋಡಿ. ಸೆಟ್ಟಿನ ಹಿಂಭಾಗ ಬೆಚ್ಚಗಾಗುವುದು ಸಹಜ. ಆದರೆ ವಯರ್ ಬಿಸಿಯಾಗಬಾರದು. ಹೆಡ್ ಲೈಟ್, ವೈಪರ್, ಹಾರ್ನ್ ಎಲ್ಲ ಮೊದಲಿನಂತೆ ಕೆಲಸ ಮಾಡುತ್ತವೆಯೇ ನೋಡಿ.

ಇನ್ನೊಂದು ಪರೀಕ್ಷೆ ಬಹಳ ಮುಖ್ಯ. ಎಲ್ಲ ಆಫ್ ಮಾಡಿ ಕೀಲಿ ತೆಗೆಯಿರಿ. ಬಾಗಿಲು ಮುಚ್ಚಿ ಒಳಗಿನ ದೀಪ ಆರಿದೆಯೇ ನೋಡಿ. ಬ್ಯಾಟರಿಯ ಮೈನಸ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ಜಾಗದಲ್ಲಿಟ್ಟು ನಡುವೆ ಸೇರಿಸಿ. ಮೀಟರ್ ಸೇರಿಸಿರುವಾಗ ಕೀಲಿ ತಿರುಗಿಸಲೇಬಾರದು, ಸ್ಟಾರ್ಟ್ ಮಾಡಿದರೆ ಮೀಟರ್ ಸುಡುತ್ತದೆ. ಸೆಟ್ಟಿನ ನೆನಪಿಗೆ ಕೆಲವೇ ಮಿಲಿ ಆಂಪಿಯರ್ ಸಾಕು. 10 ಮಿಲಿ ಆಂಪಿಯರ್ ಹೋದರೆ ತಿಂಗಳಿಗೆ 7 ಆಂಪಿಯರ್ ಅವರ್ ಆಯಿತು, ತೊಂದರೆ ಇಲ್ಲ. ಆದರೆ 200 ಮಿಲಿ ಆಂಪಿಯರ್ ಹೋಗುತ್ತಿದ್ದರೆ? ಒಂದು ವಾರಕ್ಕೆ 33 ಆಂಪಿಯರ್ ಅವರ್ ಹೋಯಿತು. ಚಿಕ್ಕ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಅಲ್ಲಿಗೆ ಖಾಲಿ. "ಸ್ಟೀರಿಯೋ ಹಾಕಿದ ಮೇಲೆ ಬೆಳಿಗ್ಗೆ ಗಾಡಿ ಸ್ಟಾರ್ಟೇ ಆಗೂದಿಲ್ಲ ಮಾರಾಯ್ರೆ" ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. ಕೆಂಪು ಹಳದಿ ಎರಡನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕೊಟ್ಟಿರುತ್ತಾರೆ!

ತೊಂದರೆ ಬಂದರೆ

- ಗಾಡಿ ಆಫ್ ಮಾಡಿದಾಗಲೆಲ್ಲ ಗಡಿಯಾರ, ಕೇಂದ್ರಗಳು ಅಳಿಸಿ ಹೋಗುತ್ತವೆಯೇ? ಹಳದಿಗೂ ಕೆಂಪಿಗೂ ಜಾಗ ಅದಲು ಬದಲಾಗಿದೆ, ಅಥವಾ ಹಳದಿಗೆ ಕರೆಂಟು ಬರುತ್ತಿಲ್ಲ.
- ಇಂಜಿನ್ ವೇಗಕ್ಕೆ ಸರಿಯಾಗಿ ಕುಂಯ್ ಎಂದು ಏರಿ ಇಳಿಯುವ ಶಬ್ದ ಬರುತ್ತದೆಯೇ? ಮೊದಲು ಅರ್ತ್ ನೋಡಿ. ಆಲ್ಟರ್ನೇಟರಿನ ಶಬ್ದ ಅದು.
- ರೇಡಿಯೋದಲ್ಲಿ ಮಾತ್ರ ಟಿಕ್ ಟಿಕ್ ಬರುತ್ತದೆಯೇ? ಪ್ಲಗ್ ವಯರ್, ಡಿಸ್ಟ್ರಿಬ್ಯೂಟರ್ ಮತ್ತು ಏರಿಯಲ್ಲಿನ ಬುಡ ನೋಡಿಸಿ.
- ಸೌಂಡ್ ಜಾಸ್ತಿ ಮಾಡಿದ ಕೂಡಲೇ ಸೆಟ್ ಆಫ್ ಆಗುತ್ತದೆಯೇ? ಸಪೂರ ವಯರ್, ಸಡಿಲ ಅರ್ತ್ ಅಥವಾ ಸ್ಪೀಕರ್ ವಯರ್ ಬಾಡಿಗೆ ತಾಗಿರಬಹುದು.
- ಒಂದು ಬದಿಯ ಸ್ಪೀಕರ್ ಬಾಗಿಲು ತೆರೆದಾಗ ನಿಲ್ಲುತ್ತದೆಯೇ? ಬಾಗಿಲ ಸಂದಿನಲ್ಲಿ ವಯರ್ ಒಳಗೇ ತುಂಡಾಗಿದೆ.

ಆಂಪ್ಲಿಫೈಯರ್ ಬೇಕೇ?

ಯುವಕರಿಗೆ ಡಬ್ಬದ ಬೇಸ್, ಆಂಪ್ಲಿಫೈಯರ್ ಹಾಕುವ ಆಸೆ ಇರುತ್ತದೆ. ಹಳೆಯ ಗಾಡಿಯ ಚಾರ್ಜಿಂಗ್ ಶಕ್ತಿ ಚಿಕ್ಕದು. ರಾತ್ರಿ ಎರಡು ಹೆಡ್ ಲೈಟಿಗೇ 8ರಿಂದ 10 ಆಂಪಿಯರ್ ಬೇಕು. ಮಳೆಯಲ್ಲಿ ವೈಪರ್ ಬೇರೆ. ಡೈನಮೊ ಇರುವ ಬಹಳ ಹಳೆಯ ಗಾಡಿಗಳಂತೂ ನಿಧಾನ ಓಟದಲ್ಲಿ ಹೆಚ್ಚೇನೂ ಚಾರ್ಜ್ ಮಾಡುವುದಿಲ್ಲ. ಅದರ ಮೇಲೆ ಆಂಪ್ಲಿಫೈಯರ್ ಹೇರಿದರೆ ಬ್ಯಾಟರಿ ಸೋಲುತ್ತದೆ. ಹಾಕಲೇಬೇಕಾದರೆ ಅದಕ್ಕೆ ಬ್ಯಾಟರಿಯಿಂದ ಬೇರೆಯೇ ದಪ್ಪ ವಯರ್, ಬೇರೆಯೇ ಫ್ಯೂಸ್ ಬೇಕು. ಸೆಟ್ಟಿನ ಹಳದಿ ವಯರಿನಿಂದ ಕವಲು ತೆಗೆಯಲೇಬಾರದು.

ಹಿಂದೆ ಆಂಬ್ಯುಲೆನ್ಸ್ ಹಾರ್ನ್ ಕೇಳಿಸದಷ್ಟು ಸೌಂಡ್ ಯಾವ ಗಾಡಿಗೂ ಬೇಡ. ಶಾಲಾ ಮಕ್ಕಳಿರುವ ಗಾಡಿಯಲ್ಲಿ ಚಾಲಕನ ಕಿವಿ ರಸ್ತೆಯ ಮೇಲೆಯೇ ಇರಬೇಕು.

ಕೆಲಸ ಮಾಡಿಸುವವರಿಗೆ, ಕೆಲಸ ಕಲಿಯುವವರಿಗೆ

ಎಲ್ಲರೂ ಈ ಕೆಲಸವನ್ನು ತಾವೇ ಮಾಡಬೇಕೆಂದಿಲ್ಲ. ಆದರೆ ಮಾಡಿಸುವಾಗ ಹತ್ತಿರ ನಿಂತು ಮೂರು ಪ್ರಶ್ನೆ ಕೇಳಿ: "ಬ್ಯಾಟರಿ ಹತ್ತಿರ ಫ್ಯೂಸ್ ಎಲ್ಲಿ ಹಾಕಿದ್ದೀರಿ? ಅರ್ತ್ ಎಲ್ಲಿಗೆ ಕೊಟ್ಟಿದ್ದೀರಿ? ವಯರ್ ಯಾವ ದಾರಿಯಲ್ಲಿ ತಂದಿದ್ದೀರಿ?" ಬಲ್ಲವರು ಸಂತೋಷದಿಂದ ತೋರಿಸುತ್ತಾರೆ. "ಏನೂ ಆಗೂದಿಲ್ಲ" ಎಂಬ ಉತ್ತರ ಮಾತ್ರ ಬಂದರೆ ಯೋಚಿಸಿ. ಬಿಲ್ ಕೇಳಿ ಪಡೆಯಿರಿ. ಕಂಪನಿಯಿಂದ ಬಾರದ, ನಾವೇ ಹಾಕಿಸಿದ ಸ್ಟೀರಿಯೋ ಸಾಮಾನ್ಯವಾಗಿ ಇನ್ಶೂರೆನ್ಸಿನಲ್ಲಿ ತಾನಾಗಿ ಸೇರಿರುವುದಿಲ್ಲ. ಬೆಲೆಯ ಸೆಟ್ ಆದರೆ ಪಾಲಿಸಿ ನವೀಕರಿಸುವಾಗ ತಿಳಿಸಿ, ಬೇರೆ ಪ್ರೀಮಿಯಂ ಕಟ್ಟಿ ಸೇರಿಸಬಹುದು.

ವಾಹನ ಎಲೆಕ್ಟ್ರಿಷಿಯನ್ ಕೆಲಸ ಕಲಿಯುವ ತಮ್ಮಂದಿರಿಗೂ ಒಂದು ಮಾತು. ಕೆಲಸ ಮುಗಿದ ಮೇಲೆ ಒಂದು ಚೀಟಿಯಲ್ಲಿ ಯಾವ ವಯರ್ ಎಲ್ಲಿಂದ ಎಲ್ಲಿಗೆ, ಫ್ಯೂಸ್ ಎಷ್ಟು, ಎಲ್ಲಿ ಎಂದು ಬರೆದು ಮಾಲಕರಿಗೆ ಕೊಡಿ. ನಾಳೆ ಘಾಟಿಯ ನಡುವೆ ತೊಂದರೆಯಾದರೆ ಆ ಚೀಟಿ ಒಂದು ಗಾಡಿಯನ್ನು ಉಳಿಸಬಹುದು. ನಿಮ್ಮ ಹೆಸರನ್ನೂ ಉಳಿಸುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸಿದ ಎಂಬ ಹೊಗಳಿಕೆಗಿಂತ, ಅವನು ಮಾಡಿದ ಕೆಲಸ ಮತ್ತೆ ಬಿಚ್ಚುವುದೇ ಬೇಡ ಎಂಬ ಹೊಗಳಿಕೆ ದೊಡ್ಡದು.

ಡ್ಯಾಶ್ ಬೋರ್ಡ್ ಬಿಚ್ಚಲು ಮನಸ್ಸಿಲ್ಲದವರು, ಗಾಡಿಯನ್ನು ಸದ್ಯವೇ ಮಾರುವವರು ಚಾರ್ಜ್ ಮಾಡುವ ಚಿಕ್ಕ ಬ್ಲೂಟೂತ್ ಸ್ಪೀಕರ್ ಒಂದನ್ನು ಇಟ್ಟುಕೊಂಡರೂ ಸಾಕು. ಅದಕ್ಕೆ ಒಂದು ವಯರನ್ನೂ ಕತ್ತರಿಸಬೇಕಾಗಿಲ್ಲ.

ನೆನಪಿಡಿ

- ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ.
- ಬ್ಯಾಟರಿಯ ಹತ್ತಿರವೇ ಫ್ಯೂಸ್. ಅದರ ಅಳತೆ ವಯರಿಗೆ ತಕ್ಕಂತೆ.
- ತಗಡು ದಾಟುವಲ್ಲಿ ರಬ್ಬರ್ ಬುಷ್.
- ಅರ್ತ್ ಹೊಳೆಯುವ ಲೋಹಕ್ಕೆ.
- ಸ್ಪೀಕರಿನ ಮೈನಸ್ ಬಾಡಿಗೆ ಬೇಡ.
- ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ, ಮೊದಲು ಜನರನ್ನು ಇಳಿಸಿ, ಆಮೇಲೆ ಬ್ಯಾಟರಿ ಬಿಚ್ಚಿ.

ಹಳೆಯ ಗಾಡಿ ಮನೆಯ ಹಿರಿಯರಂತೆ. ಅದಕ್ಕೆ ಹೊಸ ಭಾರ ಹೊರಿಸುವಾಗ ಅದರ ಶಕ್ತಿ ಎಷ್ಟು, ನೋವು ಎಲ್ಲಿ ಎಂದು ನೋಡಿಯೇ ಹೊರಿಸಬೇಕು. ಮೇಲೆ ಹೇಳಿದ ಪರಿಚಯದವರ ಓಮ್ನಿ ಇಂದಿಗೂ ಓಡುತ್ತಿದೆ. ಅದೇ ಸ್ಟೀರಿಯೋ ಹಾಡುತ್ತಲೂ ಇದೆ. ಈಗ ಬ್ಯಾಟರಿಯ ಪಕ್ಕದಲ್ಲಿ ಒಂದು ಪುಟ್ಟ ಫ್ಯೂಸ್ ಉಂಟು. ಗಾಡಿ ಹತ್ತಿದವರಿಗೆಲ್ಲ ಅವರು ಹಾಡಿಗಿಂತ ಮೊದಲು ಅದನ್ನೇ ತೋರಿಸುತ್ತಾರೆ.